ಫ್ಯಾಕ್ಟರಿ ಬರುವ ಮುಂಚೆ ಇಲ್ಲಿ ಯಾರ ಹೊಲ ಇತ್ತು? ಹುಡುಕುವುದು ಹೀಗೆ

ನಾನು ಜಮೀನಿನ ಕ್ರಯ ಪತ್ರ ಬರೆಯುವ ಪತ್ರ ಬರಹಗಾರ. ಬೆಂಗಳೂರು ದಕ್ಷಿಣ, ಆನೇಕಲ್ ತಾಲ್ಲೂಕುಗಳ ಪಹಣಿ (ಹೊಲದ ಒಡೆತನ, ಬೆಳೆಯ ದಾಖಲೆ), ಮ್ಯುಟೇಶನ್ (ಹಕ್ಕು ಬದಲಾವಣೆ), ಇ.ಸಿ. (ಋಣಭಾರ ಪತ್ರ) ನೋಡುವುದೇ ನನ್ನ ಹೊಟ್ಟೆಪಾಡು. ಈಗೀಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗರು ಬಂದು, "ಸಾರ್, ನಮ್ಮ ಆಫೀಸ್ ಇರೋ ಜಾಗ ಮುಂಚೆ ಏನಾಗಿತ್ತು?" ಅಂತ ಕೇಳುತ್ತಾರೆ. ಸೈಟು ಕೊಳ್ಳುವ ಮಾತಲ್ಲ, ಸುಮ್ನೆ ಕುತೂಹಲ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲರೂ ಮೊದಲು ಊರಿನ ಹಿರಿಯರನ್ನು ಹುಡುಕಿಕೊಂಡು ಹೋಗುತ್ತಾರೆ. ಬೇಡ. ಮೊದಲು ಸರ್ವೆ ನಂಬರ್, ಆಮೇಲೆ ಕಥೆ. ನಂಬರ್ ಇಲ್ಲದೆ ಹೋದರೆ "ಇಲ್ಲೆಲ್ಲಾ ರಾಗಿ ಹೊಲ ಇತ್ತಪ್ಪ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ.

ನಂಬರ್ ಸಿಗುವುದು ಸುಲಭ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು, ಗೇಟಿನ ಮುಂದೆ ನಿಂತು ತೆರೆಯಿರಿ. ಗ್ರಾಮ, ಹೋಬಳಿ, ಸರ್ವೆ ನಂಬರ್ ತೋರಿಸುತ್ತದೆ. ಎಲೆಕ್ಟ್ರಾನಿಕ್ ಸಿಟಿ ಮೊದಲ ಹಂತದಲ್ಲಿ ನಿಂತರೆ ಬೇಗೂರು ಹೋಬಳಿ ಅಂತ ಬರುತ್ತದೆ. ಹೊಸೂರು ರಸ್ತೆಯಲ್ಲಿ ಹೆಬ್ಬಗೋಡಿ ಕಡೆ ಹೋದರೆ ಆನೇಕಲ್ ತಾಲ್ಲೂಕು, ಅತ್ತಿಬೆಲೆ ಹೋಬಳಿ. ಹೋಬಳಿ ಬರೆದಿಟ್ಟುಕೊಳ್ಳಿ. ತಪ್ಪು ತಾಲ್ಲೂಕು ಕಚೇರಿಯ ಕ್ಯೂನಲ್ಲಿ ನಿಲ್ಲುವುದು ತಪ್ಪುತ್ತದೆ.

ಆಮೇಲೆ ಗ್ರಾಮ ನಕಾಶೆ. ಇದು ಸರ್ವೆ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಮೊಬೈಲ್‌ನಲ್ಲಿ ನೋಡಬೇಡಿ. ಕೆರೆ, ಹಳ್ಳ, ಬಂಡಿದಾರಿ, ಗುಂಡುತೋಪು ಎಲ್ಲಾ ಅದರಲ್ಲಿರುತ್ತವೆ. ಕೆರೆಯ ಕೆಳಗೆ ಸಣ್ಣ ಸಣ್ಣ ತುಂಡುಗಳು ಒತ್ತೊತ್ತಾಗಿದ್ದರೆ ಅದು ಹೆಚ್ಚಾಗಿ ಅಚ್ಚುಕಟ್ಟು, ಅಂದರೆ ಕೆರೆ ನೀರು ಹರಿಯುವ ಗದ್ದೆ ಇದ್ದ ಜಾಗ. ಮಳೆ ಬಂದಾಗ ಯಾವ ಪಾರ್ಕಿಂಗ್‌ನಲ್ಲಿ ನೀರು ನಿಲ್ಲುತ್ತದೆ ಅಂತ ಈ ಹಾಳೆ ನೋಡಿಯೇ ಹೇಳಬಹುದು.

ಈಗ ಪಹಣಿ. ಕಂಪ್ಯೂಟರ್ ಪಹಣಿ ಸುಮಾರು 2000ದಿಂದ ಈಚಿನದು, ಅದರಲ್ಲಿ ರುಚಿ ಕಡಿಮೆ. ಕೈಬರಹದ ಹಳೇ ಪಹಣಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಕೈಗೆ ಬಂದಾಗ ಮೂರು ಕಾಲಂ ನೋಡಿದರೆ ಸಾಕು. 9ರಲ್ಲಿ ಖಾತೆದಾರನ ಹೆಸರು. 10ರಲ್ಲಿ ಜಮೀನು ಅವನಿಗೆ ಹೇಗೆ ಬಂತು ಅನ್ನುವುದು, ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಸಮೇತ. 12ರಲ್ಲಿ ಉಳುವವನ ಹೆಸರು ಮತ್ತು ಬೆಳೆ. 9ರ ಹೆಸರೂ 12ರ ಹೆಸರೂ ಬೇರೆ ಬೇರೆ ಇದ್ದರೆ ಅಲ್ಲಿ ನಿಲ್ಲಿ. ಜಮೀನು ಒಬ್ಬರದು, ನೇಗಿಲು ಇನ್ನೊಬ್ಬರದು. ಊರಿನ ನಿಜವಾದ ಚರಿತ್ರೆ ಆ ಎರಡು ಕಾಲಂ ನಡುವೆ ಇದೆ ಅಂತ ನನ್ನ ನಂಬಿಕೆ. ವರ್ಷ ವರ್ಷ ರಾಗಿ, ಹುರುಳಿ ಅಂತ ಬರುತ್ತಾ ಇದ್ದು, ಒಂದು ವರ್ಷ 9ರಲ್ಲಿ ಕೆ.ಐ.ಎ.ಡಿ.ಬಿ. (ಕೈಗಾರಿಕೆಗೆ ಜಮೀನು ತೆಗೆದುಕೊಡುವ ಸರ್ಕಾರಿ ಮಂಡಳಿ) ಅಂತ ಬಿದ್ದು 12 ಖಾಲಿಯಾದರೆ, ಫ್ಯಾಕ್ಟರಿ ಕಾಲ ಶುರುವಾಯಿತು ಅಂತ ತಿಳಿಯಿರಿ.

ಅಲ್ಲಿಂದ ಹಿಂದಕ್ಕೆ ಹೋಗಬೇಕು. ನಮ್ಮ ಸುತ್ತ ಅಗ್ರಹಾರಗಳು ಜಾಸ್ತಿ: ಕೋನಪ್ಪನ ಅಗ್ರಹಾರ, ಬೆರಟೇನ ಅಗ್ರಹಾರ, ಜೈಲಿನಿಂದ ಹೆಸರಾದ ಪರಪ್ಪನ ಅಗ್ರಹಾರ. ವೈಟ್‌ಫೀಲ್ಡ್ ಕಡೆ ಐ.ಟಿ.ಪಿ.ಎಲ್. ಟೆಕ್ ಪಾರ್ಕ್ ಇರುವುದು ಪಟ್ಟಂದೂರು ಅಗ್ರಹಾರದಲ್ಲಿ. ಅಗ್ರಹಾರ ಅಂದರೆ ಹಿಂದೆ ಬ್ರಾಹ್ಮಣರಿಗೆ ದಾನವಾಗಿ ಕೊಟ್ಟ ಊರು. ಇಂಥ ಊರಾದರೆ ಇನಾಂ (ದಾನದ ಜಮೀನು) ಕಡತ ಇದೆಯಾ ಅಂತ ಕೇಳಲೇಬೇಕು. 1954ರ ಇನಾಂ ರದ್ದತಿ ಕಾಯ್ದೆ ಬಂದ ಮೇಲೆ ಇನಾಂದಾರರ, ಜೋಡಿದಾರರ (ಕಡಿಮೆ ಕಂದಾಯಕ್ಕೆ ಊರು ಪಡೆದವರ) ಊರುಗಳು ಸರ್ಕಾರಕ್ಕೆ ಸೇರಿದವು. ಎಷ್ಟೋ ಗ್ರಾಮಗಳ ಕಡತದಲ್ಲಿ ಹೀಗೆ ಸೇರಿದ್ದಕ್ಕೆ ಕಾಣುವ ತಾರೀಖು 1959ರ ಫೆಬ್ರವರಿ 1. ಆಗ ಗೇಣಿದಾರರು ತಮ್ಮ ಹೆಸರಿಗೆ ಜಮೀನು ನೋಂದಾಯಿಸಿಕೊಳ್ಳಲು ಅರ್ಜಿ ಹಾಕಬೇಕಿತ್ತು. ಎರಡನೇ ಸುತ್ತು 1974ರ ಭೂಸುಧಾರಣೆಯದು, ಅದರಲ್ಲಿ ಗೇಣಿದಾರ ಜಮೀನು ತನ್ನದಾಗಲಿ ಅಂತ ಹಾಕಿದ ಅರ್ಜಿಯೇ ಫಾರಂ 7. ತೋಟಿ, ತಳವಾರರಂಥ ಊರ ಚಾಕರಿಯವರಿಗೆ ಕೊಟ್ಟ ಜಮೀನಾದರೆ 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆಯ ಕಡೆ ಹೋಗಬೇಕು.

ಈ ವರ್ಷಗಳನ್ನು ಕೈಗಾರಿಕೆಯ ವರ್ಷಗಳ ಪಕ್ಕ ಇಟ್ಟು ನೋಡಿ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಕಂಪನಿ ಕಿಯೋನಿಕ್ಸ್ ಶುರುವಾಗಿದ್ದು 1976ರಲ್ಲಿ. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ, 1978ರ ಹೊತ್ತಿಗೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಸುಮಾರು 330 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಆರಂಭವಾಯಿತು. ಫಾರಂ 7 ಹಾಕಲು ಕೊನೆಯ ದಿನ 1979ರ ಜೂನ್ 30. ಅಂದರೆ ಒಂದು ಕಡೆ ಹೊಲ ಯಾರದು ಅನ್ನುವುದೇ ಇನ್ನೂ ತೀರ್ಮಾನವಾಗುತ್ತಿತ್ತು, ಇನ್ನೊಂದು ಕಡೆ ಅದೇ ಸೀಮೆಗೆ ಕಾರ್ಖಾನೆ ಬರುತ್ತಿತ್ತು. ಇದನ್ನು ಯಾವ ಉದ್ಘಾಟನೆ ಕಲ್ಲೂ ಹೇಳುವುದಿಲ್ಲ, ಅಲ್ವಾ?

ಭೂಸ್ವಾಧೀನದ ಕಾಗದವೇ ಈ ಕೆಲಸದ ತಿರುಳು. ಕೆ.ಐ.ಎ.ಡಿ.ಬಿ. ತೆಗೆದುಕೊಂಡ ಜಾಗವಾದರೆ 1966ರ ಕೆ.ಐ.ಎ.ಡಿ. ಕಾಯ್ದೆಯ 28(1) (ಮೊದಲ) ಮತ್ತು 28(4) (ಅಂತಿಮ) ಅಧಿಸೂಚನೆಗಳು ರಾಜ್ಯಪತ್ರದಲ್ಲಿರುತ್ತವೆ. ಸರ್ವೆ ನಂಬರ್, ಖಾತೆದಾರ, ಅನುಭವದಾರ, ಎಕರೆ, ಗುಂಟೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎಲ್ಲಾ ಇರುತ್ತದೆ. ಅದಕ್ಕಿಂತ ಚೆಂದ ಅವಾರ್ಡ್, ಅಂದರೆ ಪರಿಹಾರದ ಆದೇಶದ ಪ್ರತಿ. ಪರಿಹಾರ ಲೆಕ್ಕ ಹಾಕಲು ಅದರಲ್ಲಿ ಮಾಲ್ಕಿ ಬರೆದಿರುತ್ತಾರೆ: ಬಾವಿ ಎಷ್ಟು ಆಳ, ಹುಣಸೆ ಮರ ಎಷ್ಟು, ಹೊಂಗೆ ಎಷ್ಟು, ಹಟ್ಟಿಯ ಗೋಡೆ ಮಣ್ಣಿನದಾ ಕಲ್ಲಿನದಾ. ಗ್ಲಾಸಿನ ಕಟ್ಟಡ ಇರುವ ಜಾಗದಲ್ಲಿ ಯಾವ ಮರ ಇತ್ತು ಅಂತ ಬೇರೆ ಯಾವ ಕಾಗದವೂ ನಿಮಗೆ ಹೇಳುವುದಿಲ್ಲ. ಇದಕ್ಕೆ ವಿಶೇಷ ಭೂಸ್ವಾಧೀನಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಗ್ರಾಮ, ಸರ್ವೆ ನಂಬರ್ ಹಾಕಿ "ಅವಾರ್ಡ್ ಪ್ರತಿ ಕೊಡಿ" ಅಂತ ಬರೆದರೆ ಸಾಕು, ಪ್ರಬಂಧ ಬೇಡ.

ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಸುತ್ತಮುತ್ತಲಿನವರಿಗೆ ಈ 28ರ ದಾರಿ ಆಗುವುದಿಲ್ಲ, ಅವು ಕೆ.ಐ.ಎ.ಡಿ.ಬಿ. ಹುಟ್ಟುವ ಮುಂಚಿನವು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತಗಳನ್ನು ಕೇಳಿ. ಇನ್ನೂ ಹಿಂದೆ ಹೋಗುವ ಆಸೆ ಇದ್ದರೆ, ಶಾಸನ ಸಂಗ್ರಹಿಸಿದ ಬಿ.ಎಲ್. ರೈಸ್ ಅವರು 1905ರಲ್ಲಿ ತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ನಿಮ್ಮ ಊರಿನ ಹೆಸರು ಹುಡುಕಿ.

ಇಷ್ಟಾದ ಮೇಲೆ ನಕಾಶೆ ಹಿಡಿದು ಊರಿಗೆ ಹೋಗಿ. ಹೋದ ತಕ್ಷಣ, "ತಾತಾ, ನಾನು ಬ್ರೋಕರ್ ಅಲ್ಲ, ಊರಿನ ಹಳೇ ಕಥೆ ಬರೀತಿದ್ದೀನಿ" ಅಂತ ಹೇಳಿಬಿಡಿ. ಇಲ್ಲದಿದ್ದರೆ ಟೀ ಕೊಡುತ್ತಾರೆ, ಮಾತು ಕೊಡುವುದಿಲ್ಲ. ನಕಾಶೆ ನೆಲದ ಮೇಲೆ ಹಾಸಿ, ಕೆರೆಯ ಮೇಲೆ ಬೆರಳಿಡಿ. ಕೆರೆ ತುಂಬಿದಾಗ ನೀರು ಹೋಗುವ ಕೋಡಿ ಎಲ್ಲಿತ್ತು, ದನ ಎಲ್ಲಿ ಮೇಯುತ್ತಿದ್ದವು, ಪರಿಹಾರದ ದುಡ್ಡಲ್ಲಿ ಯಾರು ಏನು ಮಾಡಿದರು, ಫ್ಯಾಕ್ಟರಿಯಲ್ಲಿ ಯಾರ ಮಗನಿಗೆ ಕೆಲಸ ಸಿಕ್ಕಿತು, ಇಷ್ಟೇ ಕೇಳಿ. ಅಜ್ಜಿಯರನ್ನು ಬಿಡಬೇಡಿ. ಗಂಡಸರು ಎಕರೆ ಹೇಳುತ್ತಾರೆ, ಕಳೆ ಕೀಳಲು ಯಾರ ಹೊಲಕ್ಕೆ ಯಾರು ಹೋಗುತ್ತಿದ್ದರು ಅನ್ನುವುದು ಹೆಂಗಸರಿಗೇ ಗೊತ್ತು.

ಹುಸ್ಕೂರು ಮದ್ದೂರಮ್ಮನ ಜಾತ್ರೆಗೂ ಒಂದು ಸಲ ಹೋಗಿ ಬನ್ನಿ. ದೊಡ್ಡನಾಗಮಂಗಲ, ರಾಯಸಂದ್ರದಂಥ ಊರುಗಳಿಂದ ನೂರು ಅಡಿ ದಾಟಿದ ತೇರುಗಳು ಹೊಲ, ಲೇಔಟ್ ಹಾದು ಬರುತ್ತವೆ. ಯಾವ ಊರಿಗೂ ಯಾವ ಊರಿಗೂ ನಂಟು ಅಂತ ಅಲ್ಲಿ ಕಣ್ಣಿಗೇ ಕಾಣುತ್ತದೆ. ಮೆಟ್ರೋ ನಕ್ಷೆಯಲ್ಲಿ ಆ ನಂಟು ಇಲ್ಲ.

ಬರೆದು ಹಾಕುವಾಗ ಎಚ್ಚರ. ಪರಿಹಾರದ ಕೇಸುಗಳು, ಅಣ್ಣತಮ್ಮಂದಿರ ಭಾಗದ ಕೇಸುಗಳು ಎಷ್ಟೋ ಇನ್ನೂ ಕೋರ್ಟಿನಲ್ಲಿವೆ. ನೀವು "ಇದು ಇವರ ಹೊಲ" ಅಂತ ಬರೆದ ಸಾಲನ್ನು ಯಾರೋ ಪ್ರಿಂಟ್ ತೆಗೆಸಿ ವಕೀಲರ ಹತ್ತಿರ ಒಯ್ಯಬಹುದು. ಗ್ರಾಮ, ಸರ್ವೆ ನಂಬರ್, ವರ್ಷ, ಬೆಳೆ, ಮರ, ಬಾವಿ ಧಾರಾಳವಾಗಿ ಬರೆಯಿರಿ. ಬದುಕಿರುವವರ ಹೆಸರನ್ನೂ ಹಿಸ್ಸಾ (ಸರ್ವೆ ನಂಬರಿನೊಳಗಿನ ಭಾಗ) ನಂಬರನ್ನೂ ನಿಮ್ಮ ನೋಟ್‌ಬುಕ್ಕಿನಲ್ಲೇ ಇಟ್ಟುಕೊಳ್ಳಿ.