ಮಾರ್ಟೆನ್, ವೀಸಲ್ ಕರುಳಿನ ಲಾಡಿಹುಳು: ಕೊಕ್ಕೆ ಅಳೆದು ಹೆಸರು ಹಿಡಿಯುವ ಕ್ರಮ

ವೀಸಲ್ ಎಂದರೆ ಮುಂಗುಸಿ ಎಂದು ಬರೆಯುವುದುಂಟು. ಅದು ತಪ್ಪು. ವೀಸಲ್, ಮಾರ್ಟೆನ್‌ಗಳು ನೀರುನಾಯಿಯ ಕುಟುಂಬದವು. ನಮ್ಮ ಪಶ್ಚಿಮ ಘಟ್ಟದಲ್ಲೂ ನೀಲಗಿರಿ ಮಾರ್ಟೆನ್ ಇದೆ. ಆದರೆ ಅದು ಸಂರಕ್ಷಿತ ಪ್ರಾಣಿ, ಸತ್ತದ್ದು ಕಂಡರೂ ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು ಮುಟ್ಟುವಂತಿಲ್ಲ. ಇಲ್ಲಿರುವುದು ಯುರೋಪಿನ ಮಾರ್ಟೆನ್, ವೀಸಲ್‌ಗಳ ಕರುಳಿನ ಲಾಡಿಹುಳುಗಳ ವಿಚಾರ. ಹುಳುವಿನ ತಲೆಯ ಕೊಕ್ಕೆಗಳನ್ನು ಅಳೆದು ಅದು ಯಾವ ಜಾತಿ ಎಂದು ಹೇಳುವ ಕ್ರಮ ಇದು.

ಕತ್ತರಿ ಹಿಡಿಯುವ ಮೊದಲು ಶವವನ್ನು ಮೈನಸ್ 80 ಡಿಗ್ರಿಯಲ್ಲಿ ಒಂದು ವಾರ ಇಡಿ. ಮೈನಸ್ 20ರ ಸಾಮಾನ್ಯ ಫ್ರೀಜರ್ ಈ ಲಾಡಿಹುಳುಗಳ ಗುಂಪಿನ ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಆಲ್ಕೋಹಾಲ್ ಕೂಡ ಕೊಲ್ಲುವುದಿಲ್ಲ. ಉಪಕರಣಗಳನ್ನು ಕುದಿಯುವ ನೀರಿನಲ್ಲಿ ಹಾಕಬೇಕು. ಇದು ಅತಿ ಎಚ್ಚರಿಕೆ ಅನ್ನಿಸಿದರೆ, ಮಾರ್ಟೆನ್‌ನ ಟೀನಿಯಾ ಮಾರ್ಟಿಸ್ ಹುಳುವಿನ ಮರಿ ಜರ್ಮನಿಯಲ್ಲಿ ಮನುಷ್ಯರೊಬ್ಬರ ಕಣ್ಣಿನೊಳಗೆ ಸಿಕ್ಕ ಪ್ರಕರಣ 2013ರಲ್ಲಿ ವರದಿಯಾಗಿದೆ ಎಂಬುದನ್ನು ನೆನಪಿಡಿ.

ನೀರುನಾಯಿಯ ಕುಟುಂಬದ ಪ್ರಾಣಿಗಳಿಗೆ ಸೀಕಮ್, ಅಂದರೆ ದೊಡ್ಡ ಕರುಳಿನ ಆರಂಭದಲ್ಲಿರುವ ಚೀಲ, ಇಲ್ಲ. ಸಣ್ಣ ಕರುಳು ಮುಗಿದು ದೊಡ್ಡದು ಶುರುವಾಗುವ ಜಾಗ ಹೊರಗಿನಿಂದ ಗೊತ್ತಾಗದು. ಹಾಗಾಗಿ ಇಡೀ ಕರುಳನ್ನು ತೆಗೆದುಕೊಳ್ಳಿ. ಮೊಂಡು ತುದಿಯ ಕತ್ತರಿಯಿಂದ ಉದ್ದಕ್ಕೆ ಸೀಳಿ, 0.9 ಶೇಕಡಾ ಉಪ್ಪುನೀರಿನ ತಟ್ಟೆಯಲ್ಲಿ ಹರಡಿ. ಹುಳು ಕಂಡೊಡನೆ ಎಳೆಯಬೇಡಿ. ಕತ್ತು ದಾರದಷ್ಟು ಸಣ್ಣ. ಎಳೆದರೆ ಅಲ್ಲೇ ಹರಿದು, ಹೆಸರು ಹೇಳುವ ತಲೆ ಕರುಳಿನ ಗೋಡೆಯಲ್ಲೇ ಉಳಿಯುತ್ತದೆ. ತಲೆ ಅಂಟಿರುವ ಗೋಡೆಯ ಚೂರನ್ನೇ ಕತ್ತರಿಸಿ ತೆಗೆದು, ಸೂಜಿಯಿಂದ ಬಿಡಿಸಿ. ಬಳಿಕ ಗೋಡೆಯನ್ನು ಹೆರೆದು, ತಟ್ಟೆಯಲ್ಲಿ ಉಳಿದದ್ದನ್ನೂ ಸೇರಿಸಿ ಒಂದು ಲೀಟರ್ ಜಾಡಿಗೆ ಹಾಕಿ ನೀರು ತುಂಬಿಸಿ. 15 ನಿಮಿಷ ಬಿಟ್ಟು ಮೇಲಿನ ನೀರು ಚೆಲ್ಲಿ, ನೀರು ತಿಳಿಯಾಗುವವರೆಗೆ ಹೀಗೇ ಮಾಡಿ. ಕಳಚಿಹೋದ ಪುಟ್ಟ ತಲೆಗಳು ತಳದಲ್ಲಿ ಸಿಗುತ್ತವೆ. ಜಠರದಲ್ಲಿ ಬಿಡಿಯಾಗಿ ಸಿಕ್ಕ ಹುಳುವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ತಿಂದ ಇಲಿಯದ್ದಾಗಿರಬಹುದು.

ಸಿಕ್ಕ ಹುಳುವಿನ ಕೆಲವು ಖಂಡಗಳನ್ನು (ದೇಹದ ಸರಪಳಿಯ ತುಂಡುಗಳನ್ನು) ಡಿಎನ್ಎಗಾಗಿ 95 ಶೇಕಡಾ ಆಲ್ಕೋಹಾಲಿಗೆ ಹಾಕಿ, ಉಳಿದದ್ದು 70ರಲ್ಲಿರಲಿ. ಫಾರ್ಮಲಿನ್ ಬೇಡ, ಡಿಎನ್ಎ ಕೆಡುತ್ತದೆ.

ಈಗ ತಲೆ. ಕತ್ತರಿಸಿದ ತಲೆಯನ್ನು ಸ್ಲೈಡಿನ ಮೇಲೆ ಒಂದು ಹನಿ ಬೆರ್ಲೀಸ್ ದ್ರವದಲ್ಲಿಟ್ಟು (ಸ್ಲೈಡಿನಲ್ಲಿ ಮಾದರಿ ಕೂರಿಸುವ ದ್ರವ), ಕವರ್ ಸ್ಲಿಪ್ಪನ್ನು ಕೊಕ್ಕೆಗಳು ಮಲಗುವವರೆಗೆ ಮೆಲ್ಲಗೆ ಒತ್ತಿ. ಅಳತೆ ಕೊಕ್ಕೆಯ ಅಲಗಿನ ತುದಿಯಿಂದ ಅದರ ಹಿಡಿಯ ಕೊನೆಯವರೆಗೆ, ನೇರ ಗೆರೆಯಲ್ಲಿ. ಓರೆಯಾಗಿ ನಿಂತ ಕೊಕ್ಕೆ ಗಿಡ್ಡ ಕಾಣುತ್ತದೆ, ಅದನ್ನು ಬಿಡಿ.

ದೊಡ್ಡ ಕೊಕ್ಕೆ ಸುಮಾರು 200 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಇದ್ದು, ದೊಡ್ಡ-ಸಣ್ಣ ಎರಡು ಸಾಲಿದ್ದರೆ ಟೀನಿಯಾ ಮಾರ್ಟಿಸ್ ಎಂದು ಹಿಡಿಯಬಹುದು. ಕೊಕ್ಕೆ 20 ಮೈಕ್ರಾನ್ ಆಸುಪಾಸಿನಲ್ಲಿದ್ದರೆ ವರ್ಸ್ಟೇರಿಯಾ ಮಸ್ಟೆಲೇ. ಜೀವಿಗಳಿಗೆ ಹೆಸರಿಟ್ಟ ಜರ್ಮನಿಯ ವಿಜ್ಞಾನಿ ಗ್ಮೆಲಿನ್ 1790ರಲ್ಲಿ ಇದನ್ನು ಟೀನಿಯಾ ಎಂದೇ ಹೆಸರಿಸಿದ್ದ. ಡಿಎನ್ಎ ನೋಡಿದ ಮೇಲೆ 2013ರಲ್ಲಿ ಹೊಸ ಕುಲಕ್ಕೆ ಹೋಯಿತು. ಟೀನಿಯಾಗಳನ್ನು 1969ರಲ್ಲಿ ಪರಿಷ್ಕರಿಸಿದ ದಕ್ಷಿಣ ಆಫ್ರಿಕಾದ ಅನ್ನಾ ವರ್ಸ್ಟರ್ ಅವರ ಹೆಸರು ಆ ಕುಲಕ್ಕೆ. ಹಳೆಯ ಬರಹಗಳಲ್ಲಿ ಟೀನಿಯಾ ಟೆನ್ಯುಕೊಲಿಸ್ ಎಂದು ಕಂಡರೂ ಇದೇ ಹುಳು.

ಎಡವುವುದು ಇಲ್ಲೇ. ಅಷ್ಟು ಸಣ್ಣ ಕೊಕ್ಕೆ ಸೂಕ್ಷ್ಮದರ್ಶಕದಲ್ಲಿ 40 ಪಟ್ಟು ಹಿಗ್ಗಿಸಿದರೆ ಕಾಣುವುದೇ ಇಲ್ಲ. ಆಗ ಅದನ್ನು ಕೊಕ್ಕೆಯಿಲ್ಲದ ಇನ್ನೊಂದು ಲಾಡಿಹುಳು ಮೀಸೋಸೆಸ್ಟಾಯ್ಡಿಸ್ ಎಂದು ಬರೆದುಬಿಡುತ್ತಾರೆ. 400 ಪಟ್ಟು ಹಿಗ್ಗಿಸದೆ ‘ಕೊಕ್ಕೆ ಇಲ್ಲ’ ಎನ್ನಬೇಡಿ. ಕೊಳೆತ, ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದ ಶವದಲ್ಲಿ ಕೊಕ್ಕೆಗಳು ಉದುರಿಯೂ ಹೋಗಿರುತ್ತವೆ. ಆಗ ಖಂಡ ನೋಡಿ: ಮೀಸೋಸೆಸ್ಟಾಯ್ಡಿಸ್‌ನ ಜನನಾಂಗದ ರಂಧ್ರ ಖಂಡದ ನಡುವೆ, ಹೊಟ್ಟೆಯ ಬದಿಗಿದೆ, ಟೀನಿಯಾ, ವರ್ಸ್ಟೇರಿಯಾಗಳಲ್ಲಿ ಅಂಚಿನಲ್ಲಿದೆ. ತಲೆಯಲ್ಲಿ ನಾಲ್ಕು ಹೀರುಬಟ್ಟಲುಗಳ ಬದಲು ಎರಡು ಸೀಳುಗಳಿದ್ದರೆ ಅದು ಬೇರೆಯೇ ಗಣ. ಕಪ್ಪೆಯನ್ನೋ ಮೀನನ್ನೋ ತಿಂದು ಬಂದದ್ದು.

ಹೆಸರಿಗೆ ಜೀವನಚಕ್ರವೂ ಸಾಕ್ಷಿ. ಅದೇ ಕಾಡಿನ ವೋಲ್ ಇಲಿಗಳನ್ನು (ಮಾರ್ಟೆನ್, ವೀಸಲ್‌ಗಳ ಆಹಾರವಾದ ಗಿಡ್ಡ ಬಾಲದ ಇಲಿಗಳನ್ನು) ಕೊಯ್ದು ನೋಡಿ. ಹಿಕ್ಕೆಯ ಜೊತೆ ಬಿದ್ದ ಮೊಟ್ಟೆಯನ್ನು ಇಲಿ ನುಂಗಿದರೆ, ಆರು ಕೊಕ್ಕೆಯ ಮರಿ ಕರುಳು ಕೊರೆದು ಹೊರಬೀಳುತ್ತದೆ. ವರ್ಸ್ಟೇರಿಯಾ ಯಕೃತ್ತಿನಲ್ಲಿ ಬಿಳಿ ಗುಳ್ಳೆಯಾಗಿ ನಿಲ್ಲುತ್ತದೆ. ಟೀನಿಯಾ ಮಾರ್ಟಿಸ್ ಎದೆಗೂಡಿನಲ್ಲೋ ಹೊಟ್ಟೆಯ ಪೊಳ್ಳಿನಲ್ಲೋ ಸಡಿಲ ಕೋಶವಾಗಿ ಬೆಳೆಯುತ್ತದೆ. ಆ ಕೋಶದ ತಲೆಯಲ್ಲೂ ಪೂರ್ಣ ಗಾತ್ರದ ಕೊಕ್ಕೆಗಳಿರುವುದರಿಂದ ಅದೇ ಅಳತೆ ನಡೆಯುತ್ತದೆ.

ಹಿಕ್ಕೆಯಲ್ಲಿ ಸಿಕ್ಕ ಮೊಟ್ಟೆಯಿಂದ ಮಾತ್ರ ಜಾತಿ ಹೇಳಲು ಹೋಗಬೇಡಿ. ಗೆರೆ ಗೆರೆಯ ದಪ್ಪ ಚಿಪ್ಪಿನ ಆ ಮೊಟ್ಟೆಗಳು ಎಲ್ಲ ಟೀನಿಯಾಗಳಲ್ಲೂ ಒಂದೇ ಥರ, ಮನುಷ್ಯರಿಗೂ ಅಪಾಯಕಾರಿಯಾದ ಎಕಿನೊಕಾಕಸ್ ಲಾಡಿಹುಳುವಿನದ್ದೂ ಹಾಗೇ. ಅಲ್ಲಿ ಡಿಎನ್ಎ ಪರೀಕ್ಷೆಯೇ ಗತಿ.