ಏಪ್ರಿಲ್‌ನಲ್ಲಿ ಅಳೆಯಿರಿ: ಮುರಕಲ್ಲಿನೊಳಗಿನ ಡೀಸೆಲ್ ಮತ್ತು ನನ್ನ ಅನುಭವ

ಮಳೆಗಾಲದ ರಿಪೋರ್ಟ್ ನೋಡಿ ‘ಸೈಟ್ ಕ್ಲೀನ್’ ಅಂತ ಫೈಲ್ ಮುಚ್ಚುವುದನ್ನು ಕರಾವಳಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಮಂಗಳೂರಿನ ಹತ್ತಿರದ ಒಂದು ಹಳೇ ಬಂಕ್‌ನಲ್ಲೂ ಹಾಗೇ ಆಗುವುದರಲ್ಲಿತ್ತು. ನೆಲದಡಿಯ ಡೀಸೆಲ್ ಟ್ಯಾಂಕ್ ಸೋರಿ ಪಕ್ಕದ ಮನೆಗಳ ಬಾವಿ ನೀರು ನಾರುತ್ತಿತ್ತು. ಜುಲೈಯಲ್ಲಿ ಬಾವಿಗಳಿಗೆ ಇಂಟರ್‌ಫೇಸ್ ಪ್ರೋಬ್ (ಎಣ್ಣೆಪದರ, ನೀರಿನ ಮಟ್ಟ ತೋರಿಸುವ ಸಾಧನ) ಇಳಿಸಿದರೆ ತೇಲುವ ಎಣ್ಣೆ ಸೊನ್ನೆ. ಏಪ್ರಿಲ್‌ವರೆಗೆ ಕಾಯೋಣ ಅಂದೆ. ಸುಮ್ನೆ ಬಿಲ್ ಬೆಳೆಸ್ತಿದ್ದೀರಿ ಅಂತ ಕೆಲಸ ಕೊಟ್ಟವರೂ ಹೇಳಿದರು, ಜೊತೆಯ ಕನ್ಸಲ್ಟೆಂಟರೂ ಹೇಳಿದರು.

ಅಲ್ಲಿ ಮಳೆಗಾಲದಲ್ಲಿ ನೀರು ಮೂರು ಮೀಟರ್ ಆಳಕ್ಕೆ ಏರುತ್ತದೆ, ಬೇಸಿಗೆ ಕೊನೆಗೆ ಹತ್ತರ ಕೆಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ನಡುವಿನ ಮುರಕಲ್ಲಿನ (ಲ್ಯಾಟರೈಟ್) ತೂತುಗಳಲ್ಲಿ ಎಣ್ಣೆ ನೀರಿನಡಿ ಸಿಕ್ಕಿಕೊಂಡಿರುತ್ತದೆ, ನೀರು ಇಳಿದಾಗಲೇ ಬಿಡಿಸಿಕೊಂಡು ಬಾವಿಗೆ ಬರುತ್ತದೆ. ಏಪ್ರಿಲ್ ಕೊನೆಗೆ ಅದೇ ಬಾವಿಗಳಲ್ಲಿ ಹತ್ತಿರ ಹತ್ತಿರ ಒಂದು ಗೇಣು ಡೀಸೆಲ್ ನಿಂತಿತ್ತು. ಆಮೇಲೆ ಯಾರೂ ಮಾತಾಡಲಿಲ್ಲ.

ನೀರಿನ ಮಾದರಿ ತೆಗೆಯುವುದು ಬೇರೆಯದೇ ತಲೆನೋವು. ಬೈಲರ್ (ಹಗ್ಗಕ್ಕೆ ಕಟ್ಟಿ ಇಳಿಸುವ ಕೊಳವೆ) ಹಾಕಿದರೆ ಕೆಳಗಿನ ಶೇಡಿ ಮಣ್ಣು (ಮೆತ್ತನೆಯ ಜೇಡಿ) ಕಲಕಿ ಬರುತ್ತಿತ್ತು. ಒಂದೇ ಬಾವಿಯ ಟಿಪಿಎಚ್ (ನೀರಿನಲ್ಲಿರುವ ಒಟ್ಟು ಪೆಟ್ರೋಲಿಯಂ ಅಂಶ) ಒಮ್ಮೆ ಲೀಟರಿಗೆ 4 ಮಿಲಿಗ್ರಾಂ, ಇನ್ನೊಮ್ಮೆ ಒಂದಕ್ಕಿಂತ ಕಡಿಮೆ. ನಿಧಾನ ಪಂಪಿಂಗ್‌ಗೆ ಹೋದೆ. ಮೇಲಿಟ್ಟು ಹೀರುವ ಪೆರಿಸ್ಟಾಲ್ಟಿಕ್ ಪಂಪು ಜುಲೈಯಲ್ಲಿ ಚೆನ್ನಾಗಿ ಎಳೆಯಿತು, ಏಪ್ರಿಲ್‌ನಲ್ಲಿ ಕೈಕೊಟ್ಟಿತು. ನೀರಿನ ಆಳ ಎಂಟು ಮೀಟರ್ ದಾಟಿದರೆ ಅದು ಎಳೆಯುವುದೇ ಇಲ್ಲ ಅಲ್ವಾ. ಬಾವಿಯೊಳಗೇ ಇಳಿಸುವ ಆಮದು ಬ್ಲ್ಯಾಡರ್ ಪಂಪಿಗೆ ಮೂರು ಲಕ್ಷ ಕೇಳಿದರು. ಹತ್ತು ಸಾವಿರದೊಳಗೆ ಸಿಕ್ಕಿದ 12 ವೋಲ್ಟ್‌ನ ಪುಟ್ಟ ಸಬ್‌ಮರ್ಸಿಬಲ್‌ನಲ್ಲೇ ನಿಮಿಷಕ್ಕೆ 200 ಮಿಲಿಲೀಟರ್‌ಗೆ ಇಳಿಸಿ ಕೆಲಸ ಮುಗಿಸಿದೆ. ಮೋಟಾರು ನೀರನ್ನು ಬಿಸಿ ಮಾಡದ ಹಾಗೆ ಹೇಗೆ ಕಟ್ಟಿದೆ ಎಂಬುದು ನನ್ನಲ್ಲೇ ಇರಲಿ. ನೀರಿನ ಆಮ್ಲಜನಕ, ಓಆರ್‌ಪಿ (ಆಕ್ಸಿಡೀಕರಣದ ಅಳತೆ) ಅಂಕಿಗಳು ಒಂದೇ ಕಡೆ ನಿಂತ ಮೇಲಷ್ಟೇ ಮಾದರಿ ಬಾಟಲಿ ತುಂಬಿಸಿದೆ. ಫಲಿತಾಂಶಗಳ ಕುಣಿತ ನಿಂತಿತು.

ಮಣ್ಣಿಗೆ ಪಿಐಡಿ (ಎಣ್ಣೆಯ ಆವಿ ಅಳೆಯುವ ಮೀಟರ್) ನೆಚ್ಚಿಕೊಂಡರೆ ಕೆಟ್ಟಿರಿ. ಹಳೇ ಡೀಸೆಲ್‌ನಲ್ಲಿ ಆವಿಯಾಗುವುದು ಕಡಿಮೆ, ಮಳೆಗಾಲದ ತೇವಕ್ಕೆ ಮೀಟರ್ ಇನ್ನೂ ಇಳಿಯುತ್ತದೆ. ನಾನು ನೀರು ಬಿಡದೆ ಒಣದಾಗಿಯೇ ಕೋರ್ (ಕೊರೆದು ತೆಗೆದ ಮಣ್ಣಿನ ಕಂಬ) ತೆಗೆಸಿದೆ. ಡ್ರಿಲ್ಲಿಂಗ್‌ನವರು ಬ್ಲೇಡ್ ಸವೆತ ಅಂತ ಜಾಸ್ತಿ ದುಡ್ಡು ಕೇಳಿದರು, ಕೊಟ್ಟೆ. ನೀರು ಬಿಟ್ಟರೆ ಎಣ್ಣೆಯೇ ತೊಳೆದುಹೋಗುತ್ತದೆ. ಪ್ರತಿ ತುಂಡಿನ ಮಣ್ಣನ್ನು ಜಾಡಿಯಲ್ಲಿ ನೀರು, ಚಿಟಿಕೆ ಸುಡಾನ್ ಬಣ್ಣ (ಎಣ್ಣೆಯಲ್ಲಿ ಕರಗಿ ಕೆಂಪಾಗುವ ಪುಡಿ) ಹಾಕಿ ಕುಲುಕಿದೆ. ಕೆಂಪು ಬಿಟ್ಟವು, ಅನುಮಾನ ಬಂದವು ಮಾತ್ರ ಲ್ಯಾಬಿಗೆ ಹೋದವು. ಒಂದೂವರೆ ಲಕ್ಷದ ಲ್ಯಾಬ್ ಬಿಲ್ ಅರವತ್ತು ಸಾವಿರದ ಆಸುಪಾಸಿಗೆ ಬಂತು.

ನಡುವೆ ಇನ್ನೊಂದು ಪ್ರಯೋಗ. ಬಕೆಟ್ ಬೋರಲು ಹಾಕಿ ಒಳಗೆ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಇಟ್ಟು ನೆಲದಿಂದ ಬರುವುದನ್ನು ತೂಗಿದೆ. ಸೂಕ್ಷ್ಮಜೀವಿಗಳು ಎಷ್ಟು ಎಣ್ಣೆ ತಿನ್ನುತ್ತಿವೆ ಅಂತ ನೋಡುವ ಆಸೆ. ಶುರುವಿನ ಲೆಕ್ಕ ವಿಪರೀತ ಬಂತು, ಅದರಲ್ಲಿ ತೆಂಗಿನ ಬೇರಿನ ಉಸಿರೂ ಸೇರಿತ್ತು. ಸೋರಿಕೆ ಇಲ್ಲದ ಕಡೆಯ ತೆಂಗಿನ ಬುಡದಲ್ಲೂ ಒಂದು ಬಕೆಟ್ ಇಟ್ಟು ಅದರ ಅಂಕಿ ಕಳೆದ ಮೇಲೆ ಲೆಕ್ಕ ಕೂಡಿಬಂತು.

ಸ್ಕಿಮ್ಮರನ್ನು (ತೇಲುವ ಎಣ್ಣೆ ತೆಗೆಯುವ ಯಂತ್ರ) ಫೆಬ್ರವರಿಯಿಂದ ಮೇವರೆಗೆ ಮಾತ್ರ ಓಡಿಸಿದೆವು. ಮೂರು ಬೇಸಿಗೆಯಲ್ಲಿ ಸುಮಾರು 900 ಲೀಟರ್ ಎಣ್ಣೆ ಬಂತು. ವರ್ಷವಿಡೀ ಓಡಿಸಿದ್ದರೆ ಕರೆಂಟಿಗೂ ಕಾವಲಿಗೂ ದುಡ್ಡು ಸುರಿದು ಮಳೆಗಾಲದಲ್ಲಿ ಬರೀ ನೀರು ಎಳೆಯಬೇಕಿತ್ತು. ಈ ನಡುವೆ ಪಕ್ಕದ ಬಾವಿಗಳಲ್ಲಿ ಕಿತ್ತಳೆ ಕೆಸರು ಕಟ್ಟಿ ಮನೆಯವರು ಹೆದರಿದರು. ಸೂಕ್ಷ್ಮಜೀವಿಗಳು ಎಣ್ಣೆ ತಿನ್ನುವಾಗ ಆಮ್ಲಜನಕ ಮುಗಿದು ಮುರಕಲ್ಲಿನ ಕಬ್ಬಿಣ ನೀರಿಗೆ ಬಿಡುತ್ತದೆ, ಗಾಳಿ ತಾಗಿದ ಕೂಡಲೇ ಹಾಗಾಗುತ್ತದೆ. ಕುಡಿಯಲು ಆ ನೀರು ಬೇಡ ಅಂತ ಮೊದಲೇ ಹೇಳಿ ಟ್ಯಾಂಕರ್ ಹಾಕಿಸಿದ್ದೆ.

ಕಳೆದ ಏಪ್ರಿಲ್‌ನಲ್ಲಿ ಹೊರಗಿನ ಬಾವಿಗಳಲ್ಲಿ ಬೆಂಜೀನ್ (ಇಂಧನದ ವಿಷಕಾರಿ ಅಂಶ) ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 10 ಮೈಕ್ರೋಗ್ರಾಂಗಿಂತ ಕೆಳಗಿತ್ತು. ಟ್ಯಾಂಕ್ ಗುಂಡಿಯ ಪಕ್ಕದ ಒಂದರಲ್ಲಿ ಇನ್ನೂ ತೆಳು ಎಣ್ಣೆಪದರ ಕಾಣುತ್ತದೆ. ಅಲ್ಲಿ ಈ ಬೇಸಿಗೆಗೂ ಸ್ಕಿಮ್ಮರ್ ಇಳಿಸುತ್ತೇವೆ.