ಹನ್ನೊಂದು ವರ್ಷ ಏನೂ ಆಗಿರಲಿಲ್ಲ

ಶಿವಮೊಗ್ಗದಲ್ಲಿ 18 ವರ್ಷಗಳಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿರುವ ನನಗೆ ತಲೆಗೂದಲಿನ ಬಣ್ಣದ ವಿಷಯದಲ್ಲಿ ನಿಜವಾದ ಪಾಠ ಕಲಿಸಿದ್ದು ನನ್ನದೇ ಬಲಗೈಯ ಎರಡು ಬೆರಳುಗಳು. ಕೆಲಸ ಆರಂಭಿಸಿ ಹನ್ನೊಂದು ವರ್ಷವಾದ ಮೇಲೆ, ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯ ಚರ್ಮ ಒಣಗಿ ಬಿರಿಯತೊಡಗಿತು, ರಾತ್ರಿ ಹೊತ್ತು ತಡೆಯಲಾರದ ತುರಿಕೆ. ಪಾತ್ರೆ ತೊಳೆಯುವ ಸೋಪಿನದೇ ದೋಷವೆಂದು ಆರು ತಿಂಗಳು ಸೋಪು ಬದಲಿಸುತ್ತಲೇ ಕಳೆದೆ. ಕೊನೆಗೆ ತೋರಿಸಿದ ಚರ್ಮರೋಗ ತಜ್ಞರು ಬೆನ್ನಿನ ಮೇಲೆ ಬೇರೆ ಬೇರೆ ವಸ್ತು ಹಚ್ಚಿದ ಪಟ್ಟಿಗಳನ್ನು ಸಾಲಾಗಿ ಅಂಟಿಸಿ, 48 ಗಂಟೆಗಳ ನಂತರ ತೆಗೆದು, ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡಿದಾಗ, ಒಂದೇ ಒಂದು ಜಾಗ ಕೆಂಪಾಗಿ ಸಣ್ಣ ನೀರುಗುಳ್ಳೆ ಎದ್ದಿತ್ತು. ಅಲ್ಲಿ ಹಚ್ಚಿದ್ದು ಪ್ಯಾರಾಫಿನೈಲೀನ್ ಡೈಯಮೀನ್, ಅಂದರೆ ಪಿಪಿಡಿ. ನಾನು ದಿನಕ್ಕೆ ಮೂರು ನಾಲ್ಕು ಬಾರಿ ಬಟ್ಟಲಿನಲ್ಲಿ ಕಲಸುತ್ತಿದ್ದ ಡೈನ ಮುಖ್ಯ ವಸ್ತುವೇ ಅದು.

ಕೈಗವಸು ಹಾಕುತ್ತಿರಲಿಲ್ಲವೇ ಎಂದು ಅವರು ಕೇಳಿದರು. ಹಾಕುತ್ತಿದ್ದೆ, ಆದರೆ ಬಣ್ಣ ಹಿಡಿದಿದೆಯೇ ಎಂದು ನೋಡಲು ಒಂದು ಎಳೆಯನ್ನು ಬೆರಳುಗಳ ನಡುವೆ ಉಜ್ಜುವಾಗ ಮತ್ತು ತಲೆ ತೊಳೆಯುವಾಗ ತೆಗೆದುಬಿಡುತ್ತಿದ್ದೆ. ಆ ಎರಡು ಬೆರಳುಗಳೇ ಏಕೆ ಬಿರಿದವು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಈ ಡೈ ಕೆಲಸ ಮಾಡುವ ರೀತಿಯಲ್ಲಿಯೇ ಅದರ ತೊಂದರೆಯೂ ಅಡಗಿದೆ. ಟ್ಯೂಬಿನಿಂದ ಹೊರಬರುವಾಗ ಕ್ರೀಮು ಬಹುತೇಕ ಬಿಳಿಯಾಗಿಯೇ ಇರುತ್ತದೆ. ಅದರಲ್ಲಿರುವ ಪಿಪಿಡಿಯ ಕಣಗಳು ಬಣ್ಣವಿಲ್ಲದ, ಬಹಳ ಚಿಕ್ಕ ಕಣಗಳು. ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸಿ ಸಡಿಲಗೊಳಿಸುತ್ತದೆ, ಕಣಗಳು ಒಳಗೆ ಇಳಿಯುತ್ತವೆ, ಕ್ರೀಮಿಗೆ ಬೆರೆಸುವ ಡೆವಲಪರ್ ಎಂಬ ದ್ರಾವಣದಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅವುಗಳನ್ನು ಒಂದಕ್ಕೊಂದು ಬೆಸೆದು ದೊಡ್ಡ ಬಣ್ಣದ ಕಣಗಳನ್ನಾಗಿ ಮಾಡುತ್ತದೆ. ದೊಡ್ಡದಾದ ಮೇಲೆ ಅವು ಹೊರಬರಲಾರವು, ಆದ್ದರಿಂದಲೇ ಶಾಂಪೂವಿಗೂ ಬಣ್ಣ ಹೋಗದು. 1907ರಲ್ಲಿ ಫ್ರಾನ್ಸಿನ ರಸಾಯನ ತಜ್ಞ ಯುಜೀನ್ ಶ್ಯುಲೆರ್ ಸಂಶ್ಲೇಷಿತ ಕೂದಲ ಬಣ್ಣವನ್ನು ಮಾರುಕಟ್ಟೆಗೆ ತಂದ ನಂತರ ಎಷ್ಟೋ ಹೆಸರು, ಪೆಟ್ಟಿಗೆ, ಪರಿಮಳ ಬದಲಾಗಿದ್ದರೂ, ಶಾಶ್ವತ ಬಣ್ಣದ ಹಿಂದಿನ ಉಪಾಯ ಹೆಚ್ಚು ಬದಲಾಗಿಲ್ಲ. ಕೂದಲೊಳಗೆ ಇಳಿಯುವಷ್ಟು ಚಿಕ್ಕದಾದ ಕಣ ಚರ್ಮದೊಳಗೂ ಇಳಿಯುತ್ತದೆ. ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ, ಒಮ್ಮೆ ಗುರುತಿಟ್ಟುಕೊಂಡಿತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. ಆ ಗುರುತು ಮೊದಲ ದಿನವೇ ಬೀಳಬಹುದು, ಹನ್ನೊಂದನೆಯ ವರ್ಷವೂ ಬೀಳಬಹುದು.

ಇದನ್ನು ಗಿರಾಕಿಗಳಿಗೆ ಒಪ್ಪಿಸುವುದೇ ನನ್ನ ಕೆಲಸದ ಅತಿ ಕಷ್ಟದ ಭಾಗ. ನಿವೃತ್ತ ಶಿಕ್ಷಕಿಯೊಬ್ಬರು ನಮ್ಮಲ್ಲಿಗೆ ವರ್ಷಗಳಿಂದ ಬರುತ್ತಿದ್ದರು. ಡೈ ಒಗ್ಗುತ್ತದೆಯೇ ಎಂದು ಮೊದಲು ಚರ್ಮದ ಮೇಲೆ ಪರೀಕ್ಷೆ ಮಾಡೋಣವೇ ಎಂದರೆ, "ನಂಗೆ ಎಂಥದ್ದೂ ಆಗಲ್ಲಮ್ಮ, ಇಪ್ಪತ್ತು ವರ್ಷದಿಂದ ಹಚ್ಕೋತಾ ಇದೀನಿ" ಎನ್ನುವುದು ಅವರ ಉತ್ತರ. ಹಿಂದಿನ ಎರಡು ಸಲ ಡೈ ಹಚ್ಚಿದ ಮರುದಿನ ಕಿವಿಯ ಹಿಂದೆ ಸ್ವಲ್ಪ ತುರಿಸಿತ್ತೆಂದು ಅವರೇ ಹೇಳಿದ್ದರು, ನಾನು ಹೊಟ್ಟಿನ ತುರಿಕೆಯಿರಬಹುದೆಂದು ಬಿಟ್ಟಿದ್ದೆ. ಮೂರನೆಯ ಸಲ, ಹಚ್ಚಿದ ಎರಡನೆಯ ದಿನ ಬೆಳಿಗ್ಗೆ ಅವರ ಮಗ ಫೋನ್ ಮಾಡಿದರು. ರೆಪ್ಪೆಗಳು ಊದಿ ಕಣ್ಣು ತೆರೆಯಲಾಗುತ್ತಿರಲಿಲ್ಲ, ಕಿವಿಯ ಹಿಂದೆ ನೀರು ಒಸರುತ್ತಿತ್ತು. ಸ್ಟೆರಾಯ್ಡ್ ಮಾತ್ರೆ ನುಂಗಿ ಗುಣವಾಗಲು ಹತ್ತು ದಿನ ಹಿಡಿಯಿತು. ತಪ್ಪು ಡೈನದಕ್ಕಿಂತ ಹೆಚ್ಚಾಗಿ ನನ್ನದು, ಏಕೆಂದರೆ ಎಚ್ಚರಿಕೆ ಎರಡು ಸಲ ಬಂದಿತ್ತು.

ಅಂದಿನಿಂದ ಪರೀಕ್ಷೆ ಮಾಡದೆ ಯಾರ ತಲೆಗೂ ಬಣ್ಣ ಹಚ್ಚಿಲ್ಲ. ನಮ್ಮ ದೇಶದ ನಿಯಮದ ಪ್ರಕಾರ ಪಿಪಿಡಿ ಇರುವ ಡೈಗಳ ಮೇಲೆ ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಎಚ್ಚರಿಕೆ ಇರಬೇಕು, ಪರೀಕ್ಷೆಯ ವಿಧಾನವನ್ನೂ ತಿಳಿಸಬೇಕು. ಅದನ್ನು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಚ್ಚು ಹಾಕುವುದರಿಂದ ಓದುವವರು ಕಡಿಮೆ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ತೊಳೆದು ಒರೆಸಿದ ಜಾಗಕ್ಕೆ, ಕಲಸಿ ಸಿದ್ಧಮಾಡಿದ ಡೈಯನ್ನು ಒಂದು ಬೊಟ್ಟಿನಷ್ಟು ಹಚ್ಚಿ ಒಣಗಲು ಬಿಟ್ಟು, 24 ಗಂಟೆಗಳ ನಂತರ ತೊಳೆದು ನೋಡಬೇಕು, ಪ್ರತಿ ಸಲವೂ ಹೀಗೆ ಮಾಡಬೇಕು ಎಂಬುದು ಆ ಸೂಚನೆ. ಈ ಅಲರ್ಜಿ ತಡವಾಗಿ ಕಾಣಿಸಿಕೊಳ್ಳುವಂಥದ್ದಾದ್ದರಿಂದ ನಾನು ಮರುದಿನವೂ, ಅಂದರೆ 48 ಗಂಟೆಗೂ ನೋಡುತ್ತೇನೆ. ಮದುವೆಯ ಹಿಂದಿನ ಸಂಜೆ ಓಡಿಬರುವವರಿಗೆ ಇದು ಹಿಡಿಸುವುದಿಲ್ಲ. ಐಬ್ರೋಗೋ ಫೇಶಿಯಲ್‌ಗೋ ಬಂದಾಗಲೇ ಬೊಟ್ಟು ಇಟ್ಟು ಕಳಿಸಿ, ಡೈಗೆ ಮೂರನೆಯ ದಿನ ಬರಹೇಳುವ ರೂಢಿಯನ್ನು ಹಾಕಿಕೊಂಡ ಮೇಲೆ ಜಗಳ ಕಡಿಮೆಯಾಗಿದೆ. ಕೈಗೆ ಕಪ್ಪು ಮೆಹೆಂದಿ ಹಾಕಿಸಿಕೊಂಡು ಎಂದಾದರೂ ತುರಿಸಿತ್ತೇ ಎಂದೂ ಕೇಳುತ್ತೇನೆ, ಅದರಲ್ಲಿಯೂ ಪಿಪಿಡಿ ಇರುವುದುಂಟು. ಹೌದೆಂದವರಿಗೆ ನಾನು ಡೈ ಹಚ್ಚುವುದಿಲ್ಲ.

ಹುಬ್ಬಿಗೆ ಹಚ್ಚಿರೆಂದು ಕೇಳುವವರಿಗೆ ನನ್ನ ಉತ್ತರದಲ್ಲಿ ರಿಯಾಯಿತಿಯಿಲ್ಲ. 1933ರ ಹೊತ್ತಿಗೆ ಅಮೆರಿಕದಲ್ಲಿ ‘ಲ್ಯಾಶ್ ಲೂರ್’ ಎಂಬ ರೆಪ್ಪೆಯ ಬಣ್ಣ ಹಚ್ಚಿಕೊಂಡ ಹೆಂಗಸರು ದೃಷ್ಟಿ ಕಳೆದುಕೊಂಡಿದ್ದರು. ಅದರಲ್ಲಿದ್ದದ್ದೂ ಇದೇ ಪಿಪಿಡಿ.

ಹಚ್ಚುವ ಕ್ರಮದಲ್ಲಿಯೂ ಕೆಲವನ್ನು ಬದಲಿಸಿಕೊಂಡೆ. ಡೈ ದಿನ ಬೆಳಿಗ್ಗೆ ತಲೆಸ್ನಾನ ಮಾಡಿ ಬರಬೇಡಿ ಎನ್ನುತ್ತೇನೆ, ನೆತ್ತಿಯ ಸಹಜ ಜಿಡ್ಡು ಸ್ವಲ್ಪವಾದರೂ ತಡೆಯಾಗುತ್ತದೆ. ಗೀರು, ಹುಣ್ಣು ಇದ್ದರೆ ಅಂದು ಕೆಲಸವಿಲ್ಲ. ಹಣೆಯ ಅಂಚಿಗೂ ಕಿವಿಗೂ ವ್ಯಾಸಲೀನ್ ಸವರಿ, ಪ್ಲಾಸ್ಟಿಕ್ ಬಟ್ಟಲಿನಲ್ಲಿಯೇ ಕಲಸುತ್ತೇನೆ, ಲೋಹದ ಪಾತ್ರೆ ಪೆರಾಕ್ಸೈಡ್‌ಗೆ ಆಗಿಬರುವುದಿಲ್ಲ. ನರೆ ಮುಚ್ಚಲು 6 ಶೇಕಡಾ ಪೆರಾಕ್ಸೈಡ್ ಸಾಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡಕ್ಕೆ ಮಾತ್ರ ಹಚ್ಚಿದರಾಯಿತು, ಈಗಾಗಲೇ ಕಪ್ಪಾಗಿರುವ ಉದ್ದಕ್ಕೆ ಮತ್ತೆ ಮತ್ತೆ ಬಳಿಯುವುದು ಕೂದಲನ್ನು ಒರಟು ಮಾಡುವುದಷ್ಟೇ. ಪೆಟ್ಟಿಗೆಯಲ್ಲಿ ಬರೆದ ಸಮಯಕ್ಕಿಂತ ಹೆಚ್ಚು ಬಿಡುವುದಿಲ್ಲ, "ಇನ್ನೂ ಹತ್ತು ನಿಮಿಷ ಇರಲಿ, ಗಟ್ಟಿಯಾಗಿ ಹಿಡೀಲಿ" ಎಂದು ಎಷ್ಟೇ ಹೇಳಿದರೂ.

ಪೆಟ್ಟಿಗೆಯ ಮುಂಭಾಗದ ಮಾತುಗಳನ್ನು ನಂಬುವುದನ್ನು ನಾನು ಬಿಟ್ಟಿದ್ದೇನೆ. ‘ಅಮೋನಿಯಾ ಇಲ್ಲ’ ಎಂದರೆ ಸಾಮಾನ್ಯವಾಗಿ ಅದರ ಜಾಗದಲ್ಲಿ ಎಥನಾಲಮೀನ್ ಇದೆ ಎಂದರ್ಥ. ಮೂಗಿಗೆ ಹಿತ, ಆದರೆ ಬಣ್ಣದ ವಸ್ತು ಅದೇ ಇರಬಹುದು. ಮದರಂಗಿ ಸೊಪ್ಪು ತಾನಾಗಿ ಕೊಡುವುದು ಕೆಂಪು ಕಿತ್ತಳೆ ಬಣ್ಣವನ್ನು ಮಾತ್ರ, ಆದ್ದರಿಂದ ಅರ್ಧ ಗಂಟೆಯಲ್ಲಿ ನರೆಯನ್ನು ಕಾಡಿಗೆಯಂತೆ ಕಪ್ಪು ಮಾಡುವ ‘ಹರ್ಬಲ್ ಮೆಹೆಂದಿ’ಯ ಹಿಂಬದಿಯನ್ನು ಓದದೆ ಕೊಳ್ಳಬಾರದು, ಪಿಪಿಡಿ ಬಹುತೇಕ ಅಲ್ಲಿಯೇ ಕುಳಿತಿರುತ್ತದೆ. ‘ಪಿಪಿಡಿ ಇಲ್ಲ’ ಎಂಬ ಡೈಗಳಲ್ಲಿ ಅನೇಕಕ್ಕೆ ಅದರ ದಾಯಾದಿಯಾದ ಟಾಲೂಯಿನ್ ಡೈಯಮೀನ್ ಸೇರಿಸಿರುತ್ತಾರೆ, ಪಿಪಿಡಿ ಒಗ್ಗದ ಅನೇಕರಿಗೆ ಇದೂ ಒಗ್ಗುವುದಿಲ್ಲ. ಹೀಗಾಗಿ ಆ ಶಿಕ್ಷಕಿಯವರಿಗೆ ಬೇರೆ ಪೆಟ್ಟಿಗೆ ಕೊಡುವ ಬದಲು, ಮದರಂಗಿ ಹಾಕಿ ತೊಳೆದ ಮೇಲೆ ನೀಲಿ ಗಿಡದ (ಇಂಡಿಗೋ) ಎಲೆಯ ಪುಡಿ ಹಚ್ಚುತ್ತೇನೆ. ಅರ್ಧ ದಿನ ಹಿಡಿಯುತ್ತದೆ, ಬಣ್ಣ ಕಡುಕಂದಿನಿಂದಾಚೆ ಅಪರೂಪಕ್ಕೆ ಹೋಗುತ್ತದೆ. ಅವರು ಗೊಣಗುತ್ತಲೇ ಕುಳಿತುಕೊಳ್ಳುತ್ತಾರೆ.

ಕ್ಯಾನ್ಸರ್ ಬರುತ್ತದೆಯೇ ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಜನರು ತಮ್ಮ ತಲೆಗೆ ಡೈ ಹಚ್ಚಿಕೊಳ್ಳುವುದನ್ನು ‘ಕ್ಯಾನ್ಸರ್‌ಕಾರಕವೇ ಎಂದು ವರ್ಗೀಕರಿಸಲು ಸಾಧ್ಯವಿಲ್ಲ’ ಎಂಬ ಮೂರನೆಯ ಗುಂಪಿನಲ್ಲಿಯೂ, ಕ್ಷೌರಿಕರು ಮತ್ತು ಕೇಶ ವಿನ್ಯಾಸಕರ ವೃತ್ತಿಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿನಲ್ಲಿಯೂ ಇರಿಸಲಾಗಿದೆ. ಯುರೋಪು 2006ರಲ್ಲಿ 22 ಡೈ ವಸ್ತುಗಳನ್ನು ನಿಷೇಧಿಸಿತು, ತಲೆಗೆ ಹಚ್ಚುವಾಗ ಪಿಪಿಡಿ 2 ಶೇಕಡಾ ಮೀರಬಾರದೆಂಬ ಮಿತಿಯೂ ಅಲ್ಲಿದೆ. ಪ್ರಶ್ನೆ ಕೇಳುವವರು ಕುರ್ಚಿಯಲ್ಲಿ ಕುಳಿತವರು, ಹೆಚ್ಚು ಯೋಚಿಸಬೇಕಾದವರು ಕುರ್ಚಿಯ ಹಿಂದೆ ನಿಂತ ನಾವು. ಆದರೆ ಡೈಯನ್ನು ನುಂಗಿದರೆ ಅದು ಯಾರಿಗಾದರೂ ವಿಷವೇ, ಗಂಟಲು ಊದಿ ಉಸಿರು ಕಟ್ಟಬಹುದು, ಮೂತ್ರಪಿಂಡ ಕೈಕೊಡಬಹುದು. ನಮ್ಮಲ್ಲಿ ಡೈ ಪೊಟ್ಟಣಗಳೆಲ್ಲ ಬೀಗ ಹಾಕಿದ ಕಪಾಟಿನಲ್ಲಿವೆ.

ಈಗ ಬಟ್ಟಲು ಹಿಡಿಯುವುದು ನನ್ನ ಸಹಾಯಕಿ, ವಯಸ್ಸು 24. ಎಳೆಯನ್ನು ಉಜ್ಜಿ ನೋಡುವುದೂ ತಲೆ ತೊಳೆಯುವುದೂ ಅವಳಿಗೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸಿನೊಳಗೇ ನಡೆಯಬೇಕು, ಒಂದು ತಲೆಗೆ ಬಳಸಿದ ಜೊತೆಯನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಡೈಯೊಡನೆ ಬರುವ ತೆಳು ಪ್ಲಾಸ್ಟಿಕ್ ಗವಸುಗಳನ್ನು ನೇರ ಕಸದ ಬುಟ್ಟಿಗೆ ಹಾಕುತ್ತೇವೆ. ಕಳೆದ ಶ್ರಾವಣದಲ್ಲಿ ಒಂದು ಶನಿವಾರ ನೈಟ್ರೈಲ್ ಗವಸಿನ ಪೆಟ್ಟಿಗೆ ಮಧ್ಯಾಹ್ನವೇ ಮುಗಿಯಿತು, ಉಳಿದಿದ್ದ ನಾಲ್ವರನ್ನು ಸೋಮವಾರ ಬರಹೇಳಿ ಕಳಿಸಿದೆ. ಇಬ್ಬರು ಬಂದರು.